ಜಪಾನಿನ ಆಲಿವ್ ದ್ವೀಪ ಶೋದೋಶಿಮಾ: ಹೋಗುವುದು ಹೇಗೆ, ನೋಡುವುದು ಹೇಗೆ

ಜಪಾನ್ ಪ್ರವಾಸದ ಬಗ್ಗೆ ಏನೇ ಬರೆದರೂ ಓದುಗರಿಂದ ಇದೇ ಪ್ರಶ್ನೆಗಳು ಬರುತ್ತವೆ. ಆಲಿವ್ ಬೆಳೆಯುವ ದ್ವೀಪಕ್ಕೆ ಹೋಗೋದು ಹೇಗೆ? ಒಸಾಕಾದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಬರಬಹುದಾ? ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಕೊಡುತ್ತಿದ್ದೇನೆ.

ದ್ವೀಪದ ಹೆಸರು ಶೋದೋಶಿಮಾ. ಜಪಾನಿನ ಮುಖ್ಯ ದ್ವೀಪ ಹೊನ್‌ಶು ಮತ್ತು ಅದರ ದಕ್ಷಿಣದ ಶಿಕೋಕು ನಡುವೆ ಸೆತೊ ಒಳಸಮುದ್ರವಿದೆ. ಅದರಲ್ಲಿರುವ ದ್ವೀಪಗಳಲ್ಲಿ ಅವಾಜಿ ಬಿಟ್ಟರೆ ಇದೇ ದೊಡ್ಡದು, ಸುಮಾರು 153 ಚದರ ಕಿಲೋಮೀಟರ್. ಸೇರಿರುವುದು ಕಗಾವಾ ಪ್ರಾಂತ್ಯಕ್ಕೆ. ತೊನೊಶೊ ಮತ್ತು ಶೋದೋಶಿಮಾ ಎಂಬ ಎರಡು ಪಟ್ಟಣ ಪಂಚಾಯಿತಿಗಳಿವೆ.

ಇಲ್ಲಿಗೆ ಸೇತುವೆ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಏನಿದ್ದರೂ ಹಡಗಿನಲ್ಲೇ ಬರಬೇಕು. ನಿಮ್ಮ ಪ್ರವಾಸ ಸುಸೂತ್ರವಾಗುತ್ತದೋ ಇಲ್ಲವೋ ಅನ್ನುವುದು ನೀವು ಯಾವ ಬಂದರಿನಲ್ಲಿ ಇಳಿಯುತ್ತೀರಿ, ಯಾವ ಬಂದರಿನಿಂದ ಹೊರಡುತ್ತೀರಿ ಎಂಬುದರ ಮೇಲೆ ನಿಂತಿದೆ. ಹೆಚ್ಚಿನವರು ಮೊದಲು ಹೋಟೆಲ್ ಬುಕ್ ಮಾಡಿ ಆಮೇಲೆ ಬಂದರು ಹುಡುಕುತ್ತಾರೆ. ನೀವು ಹಾಗೆ ಮಾಡಬೇಡಿ.

ಹಂತ 1: ಯಾವ ತಿಂಗಳು ಎಂದು ನಿರ್ಧರಿಸಿ

ಆಲಿವ್ ಇಲ್ಲಿ ಯಾಕೆ ಬೆಳೆಯುತ್ತದೆ ಎಂದು ತಿಳಿದರೆ ಯಾವಾಗ ಹೋಗಬೇಕು ಎಂಬುದೂ ಅರ್ಥವಾಗುತ್ತದೆ. ಸೆತೊ ಒಳಸಮುದ್ರದ ಉತ್ತರಕ್ಕೆ ಚುಗೋಕು ಬೆಟ್ಟಗಳು, ದಕ್ಷಿಣಕ್ಕೆ ಶಿಕೋಕು ಬೆಟ್ಟಗಳು. ಚಳಿಗಾಲದ ಹಿಮಗಾಳಿಯನ್ನು ಒಂದು ಕಡೆಯವು ತಡೆಯುತ್ತವೆ, ಬೇಸಿಗೆಯ ಮಳೆಗಾಳಿಯನ್ನು ಇನ್ನೊಂದು ಕಡೆಯವು. ಹಾಗಾಗಿ ನಡುವಿನ ಈ ಭಾಗಕ್ಕೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ದ್ವೀಪದ ಎದುರುಗಡೆ ಶಿಕೋಕುವಿನಲ್ಲಿರುವ ತಕಾಮತ್ಸು ನಗರದಲ್ಲಿ ವರ್ಷಕ್ಕೆ ಸುಮಾರು 1,150 ಮಿಲಿಮೀಟರ್ ಮಳೆ. ಜಪಾನಿನ ಮಟ್ಟಿಗೆ ಅದು ತೀರಾ ಕಡಿಮೆ.

1908ರಲ್ಲಿ ಜಪಾನ್ ಸರ್ಕಾರ ಮಿಎ, ಕಗೋಶಿಮಾ ಮತ್ತು ಕಗಾವಾ ಎಂಬ ಮೂರು ಪ್ರಾಂತ್ಯಗಳಲ್ಲಿ ಪ್ರಯೋಗಕ್ಕೆಂದು ಆಲಿವ್ ಸಸಿ ನೆಡಿಸಿತು. ಮೀನನ್ನು ಎಣ್ಣೆಯಲ್ಲಿ ಹಾಕಿ ಡಬ್ಬಿಯಲ್ಲಿಡಲು ಆಲಿವ್ ಎಣ್ಣೆ ಬೇಕಿತ್ತು. ಮೂರರಲ್ಲಿ ಗಿಡ ಚೆನ್ನಾಗಿ ಹಿಡಿದು ಕಾಯಿ ಬಿಟ್ಟಿದ್ದು ಶೋದೋಶಿಮಾದಲ್ಲಿ ಮಾತ್ರ. ಆಮೇಲೂ ದಾರಿ ಸುಲಭವಿರಲಿಲ್ಲ. ಜಪಾನಿನದೇ ಒಂದು ಮೂತಿ ಹುಳು ಆಲಿವ್ ಕಾಂಡವನ್ನು ಕೊರೆದು ಮರವನ್ನೇ ಒಣಗಿಸುತ್ತದೆ. ರೈತರು ಇಂದಿಗೂ ಮರದ ಬುಡ ಬಗ್ಗಿ ನೋಡಿ ಹುಳು ಹುಡುಕುತ್ತಾರೆ. 1959ರಲ್ಲಿ ಆಮದು ಮುಕ್ತವಾದ ಮೇಲೆ ಅಗ್ಗದ ವಿದೇಶಿ ಆಲಿವ್ ಬಂದು ತೋಟಗಳು ಕುಗ್ಗಿದವು. ಇಷ್ಟೆಲ್ಲ ದಾಟಿ ಈ ಬೆಳೆ ಉಳಿದುಕೊಂಡಿದೆ. ಈಗಲೂ ಜಪಾನಿನಲ್ಲಿ ಬೆಳೆಯುವ ಆಲಿವ್‌ನ ಬಹುಪಾಲು ಕಗಾವಾದ್ದೇ. ಇದು ಗೊತ್ತಿದ್ದು ತೋಟದಲ್ಲಿ ನಿಂತರೆ ಆ ಮರಗಳ ಮೇಲೆ ಬೇರೆಯದೇ ಗೌರವ ಮೂಡುತ್ತದೆ.

ಈಗ ತಿಂಗಳುಗಳು.

ಮೇ ಕೊನೆಯಿಂದ ಜೂನ್ ಮೊದಲರ್ಧ: ಆಲಿವ್ ಹೂ ಬಿಡುವ ಕಾಲ. ಸಣ್ಣ ಬಿಳಿ ಹೂಗಳು ಗೊಂಚಲು ಗೊಂಚಲಾಗಿ ಇರುತ್ತವೆ. ಹೂವಿನ ಧೂಳನ್ನು ಗಾಳಿಯೇ ಒಂದು ಮರದಿಂದ ಇನ್ನೊಂದಕ್ಕೆ ಒಯ್ಯುತ್ತದೆ. ಅದಕ್ಕೇ ಒಂದೇ ತೋಟದಲ್ಲಿ ಬೇರೆ ಬೇರೆ ತಳಿಗಳನ್ನು ನೆಟ್ಟಿರುತ್ತಾರೆ. ಜೂನ್‌ನಲ್ಲಿ ಮಳೆಗಾಲ ಶುರುವಾಗುತ್ತದೆ, ಛತ್ರಿ ಇರಲಿ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ಕೊಯ್ಲಿನ ಕಾಲ. ನನ್ನನ್ನು ಕೇಳಿದರೆ ಇದೇ ಸರಿಯಾದ ಸಮಯ, ಅದರಲ್ಲೂ ಅಕ್ಟೋಬರ್ ಮಧ್ಯದ ನಂತರ. ಮೊದಲು ಉಪ್ಪುನೀರಿಗೆ ಹಾಕಲು ಹಸಿರು ಕಾಯಿ ಕೀಳುತ್ತಾರೆ. ಕಾಯಿ ನೇರಳೆಗೆ ತಿರುಗುತ್ತಿದ್ದಂತೆ ಎಣ್ಣೆಗೆಂದು ಕೀಳುತ್ತಾರೆ. ಎಲ್ಲ ಕೈಯಲ್ಲೇ. ಹಸಿರು ಕಾಯಿಗೆ ಉಗುರು ತಾಗಿದರೂ ಆ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಒಂದೊಂದನ್ನೇ ಬೆರಳ ತುದಿಯಿಂದ ಬಿಡಿಸಿ ಬುಟ್ಟಿಗೆ ಹಾಕುತ್ತಾರೆ. ನವೆಂಬರ್‌ನಲ್ಲಿ ಕಂಕಾಕೇ ಕಣಿವೆಯ ಎಲೆಗಳು ಕೆಂಪಾಗುತ್ತವೆ. ಕೊಯ್ಲು ಮತ್ತು ಕೆಂಪೆಲೆ ಎರಡೂ ಬೇಕು ಅನ್ನುವವರು ನವೆಂಬರ್ ಆರಿಸಿಕೊಳ್ಳಿ. ಆದರೆ ಜನಸಂದಣಿಗೆ ಸಿದ್ಧರಾಗಿರಿ.

ಡಿಸೆಂಬರ್‌ನಿಂದ ಫೆಬ್ರವರಿ: ಹಿತವಾದ ಹವೆಯ ದ್ವೀಪ ಎಂದು ಕೇಳಿ ತೆಳು ಸ್ವೆಟರ್ ಹಾಕಿಕೊಂಡು ಹೋಗುವವರಿದ್ದಾರೆ. ಉತ್ತರ ಜಪಾನಿಗೆ ಹೋಲಿಸಿದರೆ ಹಿತ, ಅಷ್ಟೇ. ಬೆಳಗಿನ ಹೊತ್ತು ತಾಪಮಾನ 2–3 ಡಿಗ್ರಿಗೆ ಇಳಿಯುತ್ತದೆ, ಹಡಗಿನ ಮೇಲ್ತಟ್ಟಿನಲ್ಲಿ ಗಾಳಿ ಕೊರೆಯುತ್ತದೆ. ದಪ್ಪ ಜಾಕೆಟ್ ಬೇಕೇ ಬೇಕು.

ಜುಲೈ, ಆಗಸ್ಟ್: ಧಗೆ. ಮಧ್ಯಾಹ್ನ 32–33 ಡಿಗ್ರಿ, ಜೊತೆಗೆ ಸೆಕೆ. ಸಮುದ್ರದಲ್ಲಿ ಈಜುವ ಆಸೆ ಇದ್ದರೆ ಸರಿ, ತೋಟ ಸುತ್ತಲು ಒಳ್ಳೆಯ ಕಾಲವಲ್ಲ.

ಎಚ್ಚರಿಕೆ: ಏಪ್ರಿಲ್ ಕೊನೆಯಿಂದ ಮೇ 5ರವರೆಗಿನ ಸಾಲು ರಜೆ ಮತ್ತು ಆಗಸ್ಟ್ ಮಧ್ಯದ ಒಬೊನ್ ಹಬ್ಬದ ವಾರದಲ್ಲಿ ಜಪಾನಿಗರೇ ಇಲ್ಲಿ ತುಂಬಿರುತ್ತಾರೆ. 2010ರಿಂದ ಮೂರು ವರ್ಷಕ್ಕೊಮ್ಮೆ ಈ ದ್ವೀಪಗಳಲ್ಲಿ ಸೆತೊಉಚಿ ಕಲಾ ಉತ್ಸವ ನಡೆಯುತ್ತದೆ, ಕಳೆದ ಸಲದ್ದು 2025ರಲ್ಲಿ ಆಯಿತು. ಉತ್ಸವದ ವರ್ಷ ಹೋಗುವವರು ರೂಮನ್ನು ತಿಂಗಳುಗಳ ಮೊದಲೇ ಹಿಡಿಯಬೇಕು.

ಹಂತ 2: ವೀಸಾ ಮತ್ತು ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಅರ್ಜಿಯನ್ನು ವಿಎಫ್‌ಎಸ್, ಅಂದರೆ ವೀಸಾ ಅರ್ಜಿ ತೆಗೆದುಕೊಳ್ಳುವ ಕಂಪನಿಯ ಕೇಂದ್ರದ ಮೂಲಕ ಸಲ್ಲಿಸಬೇಕು. ಬೆಂಗಳೂರಿನಲ್ಲೂ ಕೇಂದ್ರವಿದೆ. 2024ರ ಏಪ್ರಿಲ್‌ನಿಂದ ಒಂದು ಸಲ ಪ್ರವೇಶಿಸುವ ಟೂರಿಸ್ಟ್ ವೀಸಾವನ್ನು ಇ-ವೀಸಾ ರೂಪದಲ್ಲಿ ಕೊಡುತ್ತಿದ್ದಾರೆ. ಪಾಸ್‌ಪೋರ್ಟ್‌ನಲ್ಲಿ ಸ್ಟಿಕ್ಕರ್ ಇರುವುದಿಲ್ಲ, ಫೋನಿನಲ್ಲಿ ವೀಸಾ ತೋರಿಸಬೇಕು.

ಇಲ್ಲೇ ಜನ ಎಡವುವುದು. ವಿಮಾನ ನಿಲ್ದಾಣದಲ್ಲಿ ಆ ಪುಟವನ್ನು ಇಂಟರ್ನೆಟ್ ಮೂಲಕ ಅಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್, ಪಿಡಿಎಫ್ ಯಾವುದೂ ನಡೆಯುವುದಿಲ್ಲ. ಆದ್ದರಿಂದ ರೋಮಿಂಗ್ ಅಥವಾ ಇ-ಸಿಮ್ ಮೊದಲೇ ಚಾಲೂ ಮಾಡಿಕೊಳ್ಳಿ. ಮನೆಯ ಹಿರಿಯರು ಜೊತೆಗಿದ್ದರೆ ಅವರ ವೀಸಾ ಪುಟ ತೆರೆಯುವುದನ್ನೂ ಒಂದು ಸಲ ಅಭ್ಯಾಸ ಮಾಡಿಸಿ.

ದ್ವೀಪದಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದ್ದರೆ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ ಮಾಡಿಸಿಕೊಳ್ಳಿ. ಭಾರತದಲ್ಲಿ ಕೊಡುವ ಐಡಿಪಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು, ಜಪಾನ್ ಅದನ್ನು ಒಪ್ಪುತ್ತದೆ. ಅವಧಿ ಒಂದು ವರ್ಷ. ಜಪಾನಿಗೆ ಹೋದ ಮೇಲೆ ಇದನ್ನು ಮಾಡಿಸಲು ಬರುವುದಿಲ್ಲ. ನಿಮ್ಮ ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ. ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು, ಆ ಚಿಂತೆ ಬೇಡ.

ಹಂತ 3: ಬಂದರು ಆರಿಸಿ

ಈ ಹಂತಕ್ಕೆ ಸಮಯ ಕೊಡಿ. ದ್ವೀಪದ ಭೂಪಟ ತೆರೆದು ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

ಪಶ್ಚಿಮದಲ್ಲಿ ತೊನೊಶೊ ಬಂದರು. ಅತಿ ಹೆಚ್ಚು ಹಡಗು ಬರುವುದು ಇಲ್ಲಿಗೇ. ತಕಾಮತ್ಸುವಿನಿಂದ ಸಾಮಾನ್ಯ ಫೆರಿಯಲ್ಲಿ ಸುಮಾರು 60 ನಿಮಿಷ, ವೇಗದ ದೋಣಿಯಲ್ಲಿ 35 ನಿಮಿಷ. ಒಕಾಯಾಮಾ ಕಡೆಯ ಶಿನ್-ಒಕಾಯಾಮಾ ಬಂದರಿನಿಂದ ಸುಮಾರು 70 ನಿಮಿಷ.

ದಕ್ಷಿಣದ ನಡುಭಾಗದಲ್ಲಿ ಇಕೆದಾ. ತಕಾಮತ್ಸುವಿನಿಂದ ಸುಮಾರು 60 ನಿಮಿಷ. ಆಲಿವ್ ತೋಟಗಳಿಗೆ ತೊನೊಶೊಗಿಂತ ಹತ್ತಿರ.

ಆಗ್ನೇಯದಲ್ಲಿ ಸಕಾತೆ. ಕೋಬೆಯಿಂದ ದೊಡ್ಡ ಹಡಗು ಬರುತ್ತದೆ, ಮೂರು ಗಂಟೆಗೂ ಮೇಲೆ ಬೇಕು. ಸೋಯಾ ಸಾಸ್ ಮಾಡುವ ಊರುಗಳಿಗೆ ಇದು ಹತ್ತಿರ.

ಈಶಾನ್ಯದಲ್ಲಿ ಫುಕುದಾ. ಹಿಮೆಜಿಯಿಂದ ಸುಮಾರು 100 ನಿಮಿಷ. ಹಿಮೆಜಿ ಕೋಟೆ ನೋಡಿಕೊಂಡು ಬರುವವರಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಕುಸಕಾಬೆ. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ತಕಾಮತ್ಸು–ಕುಸಕಾಬೆ ಫೆರಿಯ ಮಾಹಿತಿ ಇನ್ನೂ ಇದೆ. ಆ ಓಡಾಟ 2021ರಲ್ಲೇ ನಿಂತಿದೆ. ಕುಸಕಾಬೆ ಈಗ ನಮಗೆ ಬಸ್ ಬದಲಿಸುವ ಜಾಗ ಮಾತ್ರ.

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಆದರೆ ಶೋದೋಶಿಮಾಗೆ ಹತ್ತಿರ ಒಸಾಕಾದ ಕನ್ಸಾಯ್ ನಿಲ್ದಾಣ. ಅಲ್ಲಿಗೆ ಸಿಂಗಾಪುರ, ಬ್ಯಾಂಕಾಕ್‌ನಂಥ ಕಡೆ ವಿಮಾನ ಬದಲಿಸಿ ಬರಬೇಕು. ಟೋಕಿಯೊ ನೋಡುವುದು ಹೇಗೂ ಇದೆ ಅಂದರೆ ನರಿತಾದಲ್ಲಿ ಇಳಿದು ಶಿಂಕಾನ್ಸೆನ್, ಅಂದರೆ ಬುಲೆಟ್ ಟ್ರೈನ್ ಹಿಡಿಯಿರಿ. ಟೋಕಿಯೊದಿಂದ ಒಕಾಯಾಮಾಗೆ ಸುಮಾರು ಮೂರೂಕಾಲು ಗಂಟೆ, ಶಿನ್-ಒಸಾಕಾದಿಂದ ಮುಕ್ಕಾಲು ಗಂಟೆ. ಒಕಾಯಾಮಾದಿಂದ ಮರೀನ್ ಲೈನರ್ ಎಂಬ ರೈಲು ಸೆತೊ ಮಹಾಸೇತುವೆ ದಾಟಿ ಒಂದು ಗಂಟೆಯೊಳಗೆ ತಕಾಮತ್ಸು ಮುಟ್ಟಿಸುತ್ತದೆ. ಸೇತುವೆ ಮೇಲೆ ಹೋಗುವಾಗ ಮೊಬೈಲ್ ಒಳಗಿಟ್ಟು ಕಿಟಕಿಯಿಂದ ಹೊರಗೆ ನೋಡಿ. ಕೆಳಗೆ ಸಣ್ಣ ಸಣ್ಣ ದ್ವೀಪಗಳು ಒಂದರ ಹಿಂದೊಂದು ಬರುತ್ತವೆ. ತಕಾಮತ್ಸು ರೈಲು ನಿಲ್ದಾಣದಿಂದ ಫೆರಿ ಬಂದರಿಗೆ ನಡೆದೇ ಹೋಗಬಹುದು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ತಕಾಮತ್ಸುವಿನಿಂದ ತೊನೊಶೊಗೆ ಬನ್ನಿ. ಹಡಗು ಜಾಸ್ತಿ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ವಾಪಸ್ ಹೋಗುವಾಗ ಸಕಾತೆಯಿಂದ ಕೋಬೆಗೆ ಅಥವಾ ಫುಕುದಾದಿಂದ ಹಿಮೆಜಿಗೆ ಹೋಗಿ. ಹೀಗೆ ಮಾಡಿದರೆ ಬಂದ ದಾರಿಯಲ್ಲೇ ತಿರುಗಿ ಹೋಗುವ ಕಷ್ಟವಿಲ್ಲ, ದ್ವೀಪವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಂತಾಗುತ್ತದೆ. ಬಾಡಿಗೆ ಕಾರು ಇದ್ದರೆ ಮಾತ್ರ ತೆಗೆದುಕೊಂಡ ಊರಿಗೇ ಮರಳಬೇಕಾಗುತ್ತದೆ.

ಎಚ್ಚರಿಕೆಗಳು:

ಶಿನ್-ಒಕಾಯಾಮಾ ಬಂದರು ಒಕಾಯಾಮಾ ರೈಲು ನಿಲ್ದಾಣದ ಪಕ್ಕದಲ್ಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಹೋಗಬೇಕು. ಹಿಮೆಜಿಯಲ್ಲೂ ಬಂದರಿಗೆ ಬಸ್ ಹಿಡಿಯಬೇಕು. ಈ ಸಮಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸಾಮಾನ್ಯ ಫೆರಿಗೆ ನಡೆದು ಹತ್ತುವವರು ಮುಂಗಡ ಬುಕಿಂಗ್ ಮಾಡಬೇಕಾಗಿಲ್ಲ. ಬಂದರಿನಲ್ಲೇ ಟಿಕೆಟ್, ತಕಾಮತ್ಸುವಿನಿಂದ ಸಾವಿರ ಯೆನ್ ಒಳಗೆ ಆಗುತ್ತದೆ. ವೇಗದ ದೋಣಿಗೆ ಸ್ವಲ್ಪ ಹೆಚ್ಚು. ನನ್ನ ಮಟ್ಟಿಗೆ ಸಾಮಾನ್ಯ ಫೆರಿಯೇ ಮೇಲು. ಮೇಲ್ತಟ್ಟಿನಲ್ಲಿ ನಿಂತು ನೋಡುತ್ತಾ ಬರುವ ಆ ಒಂದು ಗಂಟೆಗೆ ಬೆಲೆ ಕಟ್ಟಲಾಗದು. ವೇಗದ ದೋಣಿಯಲ್ಲಿ ಒಳಗೇ ಕೂತಿರಬೇಕು.

ವಸಂತದಿಂದ ಮಳೆಗಾಲದ ಶುರುವಿನ ತನಕ ಈ ಸಮುದ್ರದ ಮೇಲೆ ದಟ್ಟ ಮಂಜು ಕವಿಯುತ್ತದೆ, ಸೆಪ್ಟೆಂಬರ್ ಆಸುಪಾಸಿನಲ್ಲಿ ಚಂಡಮಾರುತ ಬರುತ್ತದೆ. ಆಗ ಹಡಗು ನಿಲ್ಲಿಸುತ್ತಾರೆ. ಆದ್ದರಿಂದ ದ್ವೀಪದಿಂದ ಹೊರಡುವ ದಿನವೇ ಭಾರತಕ್ಕೆ ವಿಮಾನ ಇಟ್ಟುಕೊಳ್ಳಬೇಡಿ. ನಡುವೆ ಒಂದು ರಾತ್ರಿ ಒಸಾಕಾದಲ್ಲೋ ಕೋಬೆಯಲ್ಲೋ ಕಳೆಯಿರಿ.

ಜೆಆರ್ ಪಾಸ್, ಅಂದರೆ ಪ್ರವಾಸಿಗರಿಗೆಂದು ಇರುವ ಜಪಾನ್ ರೈಲ್ವೆಯ ಪಾಸ್ ಇದ್ದರೂ ಶೋದೋಶಿಮಾ ಫೆರಿಗೆ ಬೇರೆ ಟಿಕೆಟ್ ಬೇಕು.

ಹಂತ 4: ಉಳಿಯುವ ಜಾಗ

ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸ ಸಾಧ್ಯವಿದೆ. ಆದರೆ ಬೇಡ ಎಂದೇ ಹೇಳುತ್ತೇನೆ. ದ್ವೀಪ ದೊಡ್ಡದು, ಬಸ್ಸು ಕಡಿಮೆ, ಒಂದೇ ದಿನದಲ್ಲಿ ಎರಡು ಜಾಗ ನೋಡುವಷ್ಟರಲ್ಲಿ ಹಡಗಿನ ಹೊತ್ತಾಗಿರುತ್ತದೆ. ಒಂದು ರಾತ್ರಿಯಾದರೂ ಇರಿ, ಎರಡಾದರೆ ಇನ್ನೂ ಒಳ್ಳೆಯದು.

ಬಸ್ಸಿನಲ್ಲಿ ಓಡಾಡುವವರಿಗೆ ತೊನೊಶೊ ಅನುಕೂಲ. ಕನ್ವೀನಿಯನ್ಸ್ ಸ್ಟೋರ್, ಸೂಪರ್ ಮಾರ್ಕೆಟ್ ಎಲ್ಲ ಹತ್ತಿರ. ತೋಟ ಮತ್ತು ಸೋಯಾ ಸಾಸ್ ಊರುಗಳ ನಡುವೆ ಶಾಂತವಾಗಿ ಇರಬೇಕು ಅನ್ನುವವರು ಕುಸಕಾಬೆ ಸುತ್ತಮುತ್ತ ನೋಡಿ.

ಉಳಿಯಲು ಮೂರು ಬಗೆ ಇವೆ. ಮಾಮೂಲಿ ಹೋಟೆಲ್ ಒಂದು. ರಯೋಕಾನ್ ಅಂದರೆ ನೆಲದ ಮೇಲೆ ಚಾಪೆ ಹಾಸಿದ ಕೋಣೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದ ಸಾಂಪ್ರದಾಯಿಕ ವಸತಿಗೃಹ. ಮಿನ್‌ಶುಕು ಅಂದರೆ ಮನೆಯವರೇ ನಡೆಸುವ ಚಿಕ್ಕ ವಸತಿ, ನಮ್ಮ ಹೋಂಸ್ಟೇ ಇದ್ದ ಹಾಗೆ. ರಯೋಕಾನ್, ಮಿನ್‌ಶುಕುಗಳಲ್ಲಿ ರಾತ್ರಿ ಊಟ ಬೇಗ, ಆರು ಆರೂವರೆಗೆ. ಎಂಟು ಗಂಟೆಗೆ ಹೋಗಿ ಊಟ ಕೇಳಿದರೆ ಇರುವುದಿಲ್ಲ. ಬರುವ ಹೊತ್ತನ್ನು ಬುಕ್ ಮಾಡುವಾಗಲೇ ತಿಳಿಸಿ.

ಹಂತ 5: ಊಟದ ವ್ಯವಸ್ಥೆ

ಸಸ್ಯಾಹಾರಿಗಳು ಇದನ್ನು ಪೂರ್ತಿ ಓದಿ.

ಶೋದೋಶಿಮಾ ಮೂರು ತಿನಿಸುಗಳಿಗೆ ಹೆಸರಾಗಿದೆ: ಆಲಿವ್, ಸೋಯಾ ಸಾಸ್, ಸೋಮೆನ್. ಸೋಮೆನ್ ಅಂದರೆ ಶಾವಿಗೆಯ ಹಾಗೆ ತೆಳುವಾದ ಗೋಧಿ ನೂಡಲ್ಸ್. ಇಲ್ಲಿ ಸುಮಾರು 400 ವರ್ಷದಿಂದ ಮಾಡುತ್ತಿದ್ದಾರೆ. ಹಿಟ್ಟಿನ ಎಳೆಗೆ ಎಳ್ಳೆಣ್ಣೆ ಸವರಿ, ಎರಡು ಕೋಲುಗಳ ನಡುವೆ ಸುತ್ತಿ, ನಿಧಾನವಾಗಿ ಎಳೆದು ಉದ್ದ ಮಾಡುತ್ತಾರೆ. ಅಂಟಿಕೊಂಡ ಎಳೆಗಳ ನಡುವೆ ಉದ್ದನೆಯ ಕಡ್ಡಿ ತೂರಿಸಿ ಮೇಲಿಂದ ಕೆಳಕ್ಕೆ ಬಿಡಿಸುತ್ತಾರೆ. ಈ ಕೆಲಸವನ್ನು ಪ್ರವಾಸಿಗರಿಂದಲೂ ಮಾಡಿಸುವ ಕಡೆಗಳಿವೆ. ಮೊದಲೇ ಬುಕ್ ಮಾಡಿ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ನೂಡಲ್ಸ್ ಪೂರ್ತಿ ಸಸ್ಯಾಹಾರ. ತೊಂದರೆ ಇರುವುದು ಅದ್ದಿಕೊಳ್ಳುವ ರಸದಲ್ಲಿ. ಅದರಲ್ಲಿ ದಾಶಿ ಇರುತ್ತದೆ. ದಾಶಿ ಅಂದರೆ ಒಣ ಮೀನು, ಕಡಲಕಳೆ ಕುದಿಸಿ ತೆಗೆದ ಸಾರ. ಉದೋನ್ ಎಂಬ ದಪ್ಪ ನೂಡಲ್ಸ್ ಸಾರಿಗೂ ಅದೇ. ಬರೀ ತರಕಾರಿ ಕಾಣಿಸುತ್ತಿದೆ ಎಂದು ನಂಬಿ ತಿಂದರೆ ಮೀನಿನ ಸಾರ ಹೊಟ್ಟೆಗೆ ಹೋಗಿರುತ್ತದೆ. "ವೆಜಿಟೇರಿಯನ್" ಅಂದರೆ ಸಾಲದು, ಕೆಲವರು ಅದಕ್ಕೆ ಮಾಂಸ ಮಾತ್ರ ಬಿಡುತ್ತಾರೆ ಅಂದುಕೊಳ್ಳುತ್ತಾರೆ. ಈ ಎರಡು ವಾಕ್ಯ ಕಲಿತುಕೊಳ್ಳಿ:

"ನಿಕು ತೊ ಸಕಾನಾ ವಾ ತಬೆಮಾಸೆನ್": ಮಾಂಸ, ಮೀನು ತಿನ್ನುವುದಿಲ್ಲ.

"ಸಕಾನಾ ನೊ ದಾಶಿ ಮೊ ದಾಮೆ ದೆಸು": ಮೀನಿನ ದಾಶಿಯೂ ಆಗುವುದಿಲ್ಲ.

ಮೊಟ್ಟೆಯೂ ಬೇಡವಾದರೆ "ತಮಾಗೊ ಮೊ" ಎಂದು ಸೇರಿಸಿ. ಬಾಯಿಮಾತಿನ ಜೊತೆಗೆ ಇದನ್ನೇ ಜಪಾನಿ ಲಿಪಿಯಲ್ಲಿ ಬರೆದ ಒಂದು ಚೀಟಿ ಇಟ್ಟುಕೊಂಡು ತೋರಿಸಿ. ರಯೋಕಾನ್‌ಗೆ ಬುಕ್ ಮಾಡುವಾಗಲೇ ಇದನ್ನು ಬರೆದು ತಿಳಿಸಿ, ಅವರು ಒಪ್ಪಿದ ಉತ್ತರ ಬಂದ ಮೇಲೆ ಹಣ ಕಟ್ಟಿ. ಅಲ್ಲಿಗೆ ಹೋಗಿ ಹೇಳಿದರೆ ಅಡುಗೆ ಆಗಿರುತ್ತದೆ, ಅವರಿಗೂ ಬೇಜಾರು, ನಿಮಗೂ ಹಸಿವು.

ಹೆಸರು ನೋಡಿ ಮೋಸಹೋಗಬೇಡಿ. ಆಲಿವ್ ಗ್ಯೂ ಅಂದರೆ ಎಣ್ಣೆ ತೆಗೆದುಳಿದ ಆಲಿವ್ ಹಿಂಡಿಯನ್ನು ತಿನ್ನಿಸಿ ಸಾಕಿದ ದನದ ಮಾಂಸ. ಆಲಿವ್ ಹಮಾಚಿ ಅಂದರೆ ಆಲಿವ್ ಎಲೆಯ ಪುಡಿ ಬೆರೆಸಿದ ಮೇವು ಹಾಕಿ ಬೆಳೆಸಿದ ಮೀನು. ಮೆನುವಿನಲ್ಲಿ ಆಲಿವ್ ಎಂದು ಓದಿ ಆರ್ಡರ್ ಮಾಡುವ ಮೊದಲು ಒಂದು ಮಾತು ಕೇಳಿ. ಮೀನು, ಮಾಂಸ ತಿನ್ನುವವರಿಗಂತೂ ಇವೆರಡೂ ರುಚಿ ನೋಡಲೇಬೇಕಾದವು.

ಮನೆಯಿಂದ ಏನು ಒಯ್ಯಬಹುದು? ಎಂಟಿಆರ್‌ನಂಥ ಕಂಪನಿಗಳ ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಒಯ್ಯಿರಿ. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಮಾಂಸದ ಪದಾರ್ಥಕ್ಕೂ ಬಿಡುವುದಿಲ್ಲ.

ಊಟದ ಅಂಗಡಿಗಳು ಮಧ್ಯಾಹ್ನ 2ರ ಸುಮಾರಿಗೆ ಮುಚ್ಚುತ್ತವೆ. ರಾತ್ರಿ ತೆರೆಯುವುದು ಕೆಲವೇ ಕೆಲವು. ವಾರದ ನಡುವೆ ರಜೆ ಮಾಡುವವರೂ ಬಹಳ. ಹನ್ನೊಂದೂವರೆಗೆ ಊಟ ಮುಗಿಸುವ ಅಭ್ಯಾಸ ಮಾಡಿಕೊಂಡರೆ ಸುಮ್ನೆ ಅಲೆಯುವುದು ತಪ್ಪುತ್ತದೆ.

ಹಂತ 6: ದ್ವೀಪದೊಳಗೆ ಓಡಾಟ

ಶೋದೋಶಿಮಾ ಆಲಿವ್ ಬಸ್ ದ್ವೀಪದ ಮುಖ್ಯ ಊರುಗಳನ್ನು ಜೋಡಿಸುತ್ತದೆ. ದಿನದ ಪಾಸ್ ಸಿಗುತ್ತದೆ. ಚಿಲ್ಲರೆ ಕಾಸು ಇಟ್ಟುಕೊಳ್ಳಿ. ತೊನೊಶೊದಿಂದ ಇಕೆದಾ, ಆಲಿವ್ ಪಾರ್ಕ್, ಕುಸಕಾಬೆ ಕಡೆಯ ದಕ್ಷಿಣದ ದಾರಿಯಲ್ಲಿ ಬಸ್ಸು ಪರವಾಗಿಲ್ಲ. ಉಳಿದ ಕಡೆ ದಿನಕ್ಕೆ ಬೆರಳೆಣಿಕೆಯಷ್ಟು. ವೇಳಾಪಟ್ಟಿಯನ್ನು ಬಂದರಿನ ಮಾಹಿತಿ ಕೇಂದ್ರದಲ್ಲಿ ತೆಗೆದುಕೊಂಡು, ಹೋಗುವ ಬಸ್ಸಿನ ಜೊತೆ ಬರುವ ಬಸ್ಸಿನ ಹೊತ್ತನ್ನೂ ಗುರುತು ಹಾಕಿ.

ಮೂರ್ನಾಲ್ಕು ಜನ ಇದ್ದರೆ ಕಾರೇ ಸರಿ. ಹಡಗಿನಲ್ಲಿ ಕಾರು ತರುವುದಕ್ಕೆ ದುಡ್ಡು ಜಾಸ್ತಿ, ದ್ವೀಪದಲ್ಲೇ ಬಾಡಿಗೆಗೆ ಹಿಡಿಯಿರಿ. ಬೆಟ್ಟದ ರಸ್ತೆಗಳಲ್ಲಿ ಕೋತಿಗಳು ಅಡ್ಡ ಬರುತ್ತವೆ, ನಿಧಾನವಾಗಿ ಓಡಿಸಿ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಕರಾವಳಿಯಲ್ಲೂ ಏರಿಳಿತ ಇದೆ, ಬ್ಯಾಟರಿ ಸೈಕಲ್ಲೇ ಕೇಳಿ. ದ್ವೀಪದ ನಡುವಿನ ಬೆಟ್ಟ 800 ಮೀಟರ್ ಮೀರಿದ್ದು, ಮಾಮೂಲಿ ಸೈಕಲ್‌ನಲ್ಲಿ ಅಲ್ಲಿಗೆ ಹೋಗುವ ಸಾಹಸ ಬೇಡ.

ಹಂತ 7: ನೋಡುವ ಜಾಗಗಳ ಕ್ರಮ

ಮೊದಲು ಏಂಜೆಲ್ ರೋಡ್‌ನ ಹೊತ್ತು ನೋಡಿ. ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಇದು ತೊನೊಶೊ ಹತ್ತಿರ ಸಮುದ್ರದ ನೀರು ಇಳಿದಾಗ ಮಾತ್ರ ಕಾಣುವ ಮರಳಿನ ದಾರಿ. ಸುಮಾರು 500 ಮೀಟರ್ ಉದ್ದ, ಎದುರಿನ ಪುಟ್ಟ ದ್ವೀಪಗಳ ತನಕ ಹೋಗುತ್ತದೆ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಪೂರ್ತಿ ಇಳಿದ ಹೊತ್ತಿನ ಹಿಂದೆ ಮುಂದೆ ಕೆಲವು ಗಂಟೆ ನಡೆಯಬಹುದು. ಈ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಯಾರೋ ಕಳೆದ ವಾರ ಹೋದ ಹೊತ್ತನ್ನು ನೀವು ಹಿಡಿದುಕೊಂಡರೆ ಪ್ರಯೋಜನವಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ, ದಾರಿ ಅಗಲವಾಗಿ ತೆರೆದುಕೊಳ್ಳುತ್ತದೆ. ಇದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ನೀವು ಹೋಗುವ ದಿನದ ಪಟ್ಟಿಯನ್ನು ಊರಿನ ಪ್ರವಾಸಿ ಕೇಂದ್ರದವರು ಪ್ರಕಟಿಸಿರುತ್ತಾರೆ. ಆಚೆ ದ್ವೀಪಕ್ಕೆ ಹೋದವರು ಫೋಟೊ ತೆಗೆಯುತ್ತಾ ಮೈಮರೆಯಬೇಡಿ. ನೀರು ಏರತೊಡಗಿದರೆ ಆಚೆಯೇ ಉಳಿಯಬೇಕಾಗುತ್ತದೆ.

ತೊನೊಶೊ ಪೇಟೆಯೊಳಗೆ ದೊಫುಚಿ ಜಲಸಂಧಿ ಇದೆ. ಅತಿ ಕಿರಿದಾದ ಕಡೆ ಬರೀ 9.93 ಮೀಟರ್ ಅಗಲ. ಜಗತ್ತಿನಲ್ಲೇ ಅತಿ ಕಿರಿದಾದ ಜಲಸಂಧಿ ಎಂದು ಗಿನ್ನೆಸ್ ದಾಖಲೆ. ಸೇತುವೆ ದಾಟಲು ಒಂದು ನಿಮಿಷವೂ ಬೇಡ. ದಾಟಿದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರೆ, ಮಕ್ಕಳಿದ್ದರೆ ತೆಗೆದುಕೊಳ್ಳಿ.

ಮುಂದೆ ಆಲಿವ್ ಪಾರ್ಕ್. ಸಮುದ್ರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಮರಗಳು, ನಡುವೆ ಬಿಳಿ ಗಾಳಿಯಂತ್ರ. ಗ್ರೀಸ್‌ನ ಮಿಲೋಸ್ ದ್ವೀಪದೊಂದಿಗಿನ ಸ್ನೇಹದ ಗುರುತಿಗೆ ಕಟ್ಟಿದ್ದು. ಪ್ರವೇಶಕ್ಕೆ ಟಿಕೆಟ್ ಇಲ್ಲ. ಪೊರಕೆ ಮೇಲೆ ಹಾರುವ ಮಾಟಗಾತಿ ಹುಡುಗಿ ಕಿಕಿಯ ಸಿನಿಮಾದಿಂದ ಹೆಸರಾದ, ಎಲ್ಲರೂ ಕೇಳುವ ಪೊರಕೆಯ ಫೋಟೊ ಇಲ್ಲಿಯದೇ. ಪೊರಕೆಯನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ, ಅದರ ಮೇಲೆ ಕೂತು ಜಿಗಿದು ಫೋಟೊ ತೆಗೆಸಿಕೊಳ್ಳುವುದು. ಹತ್ತು ಗಂಟೆಗೆ ಮೊದಲು ಹೋದರೆ ಗಾಳಿಯಂತ್ರದ ಮುಂದೆ ಜನ ಕಡಿಮೆ.

ಫೋಟೊ ಮುಗಿಸಿ ಓಡಿಬಿಡಬೇಡಿ. ಮರಗಳ ನಡುವೆ ನಡೆಯಿರಿ. ಮಿಷನ್, ಮಾಂಜಾನಿಲೊ, ನೆವಾಡಿಲೊ ಬ್ಲಾಂಕೊ, ಲುಕ್ಕಾ ಇವು ಇಲ್ಲಿನ ಮುಖ್ಯ ತಳಿಗಳು. ಮಾಂಜಾನಿಲೊ ಕಾಯಿ ಗುಂಡಗೆ, ಪುಟ್ಟ ಸೇಬಿನ ಆಕಾರ. ಮಿಷನ್ ಕಾಯಿ ತುದಿಯಲ್ಲಿ ಚೂಪು. ಎಲೆಯನ್ನು ತಿರುಗಿಸಿ ನೋಡಿ, ಮೇಲೆ ಕಡು ಹಸಿರು, ಅಡಿಯಲ್ಲಿ ಬೆಳ್ಳಿ ಬಣ್ಣ. ಗಾಳಿ ಬೀಸಿದಾಗ ಇಡೀ ಮರದ ಬಣ್ಣ ಬದಲಾಗುವುದು ಇದರಿಂದಲೇ. ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳಬೇಡಿ. ಅದು ಯಾರದೋ ಬೆಳೆ, ಜೊತೆಗೆ ಹಸಿ ಕಾಯಿ ಬಾಯಲ್ಲಿಡಲಾಗದಷ್ಟು ಕಹಿ. ಆ ಕಹಿ ತೆಗೆದ ಮೇಲೆಯೇ ಉಪ್ಪುನೀರಿಗೆ ಹಾಕುವುದು.

ಮೂರನೆಯದು ಸೋಯಾ ಸಾಸ್ ಊರುಗಳು. ಕುಸಕಾಬೆಯಿಂದ ಸಕಾತೆ ಕಡೆಗೆ ಹೋಗುವಾಗ ಬಸ್ಸಿಳಿಯುತ್ತಿದ್ದಂತೆ ವಾಸನೆಯೇ ದಾರಿ ತೋರಿಸುತ್ತದೆ. ಇಲ್ಲಿ 400 ವರ್ಷದಿಂದ ಸೋಯಾ ಸಾಸ್ ಮಾಡುತ್ತಿದ್ದಾರೆ. ಕಿಓಕೆ ಎಂಬ ಆಳೆತ್ತರ ಮೀರಿದ ಮರದ ಪೀಪಾಯಿಗಳು ದ್ವೀಪದಲ್ಲಿ 1,000ಕ್ಕೂ ಹೆಚ್ಚು ಉಳಿದಿವೆ. ಜಪಾನಿನ ಬೇರೆ ಕಡೆ ಹೆಚ್ಚಿನವರು ಸ್ಟೀಲ್ ಟ್ಯಾಂಕಿಗೆ ಹೋದರು, ಇಲ್ಲಿನವರು ಮರವನ್ನು ಬಿಡಲಿಲ್ಲ. ಸೋಯಾ ಕಾಳು, ಗೋಧಿ, ಉಪ್ಪು, ನೀರಿನ ಆ ಗಟ್ಟಿ ಮಿಶ್ರಣಕ್ಕೆ ಮೊರೊಮಿ ಅನ್ನುತ್ತಾರೆ. ಪೀಪಾಯಿಯ ಮರದಲ್ಲಿ, ಗೋಡೆಯಲ್ಲಿ, ತೊಲೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಕಿವಿಗೊಟ್ಟರೆ ಮೊರೊಮಿ ಗುಳ್ಳೆ ಒಡೆಯುವ ಸದ್ದು ಕೇಳುತ್ತದೆ.

ಮಾರುಕಿನ್ ಕಂಪನಿಯ ಮ್ಯೂಸಿಯಂ ಇದೆ, ಇಡೀ ಕ್ರಮ ಅರ್ಥವಾಗುತ್ತದೆ. ಆದರೆ ಒಂದನ್ನೇ ಆರಿಸಬೇಕೆಂದರೆ ಯಮರೊಕುವಿನಂಥ ಚಿಕ್ಕ ಮನೆತನದ ಕಾರ್ಖಾನೆಗೆ ಹೋಗಿ. ಅಲ್ಲಿ ಪೀಪಾಯಿಗಳ ಪಕ್ಕದಲ್ಲೇ ನಿಲ್ಲಬಹುದು. ಏನನ್ನೂ ಮುಟ್ಟಬೇಡಿ. ಇಂಥ ಕಡೆ ಹೋಗುವ ದಿನ ಬೆಳಿಗ್ಗೆ ನಾಟೊ, ಅಂದರೆ ಹುದುಗಿಸಿದ ಅಂಟು ಸೋಯಾ ಕಾಳು ತಿನ್ನಬೇಡಿ. ಅದರ ಬ್ಯಾಕ್ಟೀರಿಯಾ ಹುದುಗು ಕೆಡಿಸುತ್ತದೆ ಎಂಬ ಭಯ ತಯಾರಕರಿಗಿದೆ.

ನಾಲ್ಕನೆಯದು ಕಂಕಾಕೇ ಕಣಿವೆ. ರೋಪ್‌ವೇಯಲ್ಲಿ ಐದು ನಿಮಿಷದ ದಾರಿ, ಮೇಲಿನ ನಿಲ್ದಾಣ 612 ಮೀಟರ್ ಎತ್ತರದಲ್ಲಿದೆ. ಕಾಲುದಾರಿಯೂ ಇದೆ. ರೋಪ್‌ವೇಯಲ್ಲಿ ಹತ್ತಿ ನಡೆದು ಇಳಿಯುವುದು ಒಳ್ಳೆಯ ಹಂಚಿಕೆ. ಆದರೆ ಕೆಳಗಿನ ನಿಲ್ದಾಣಕ್ಕೆ ಬಸ್ಸು ಬಹಳ ಕಡಿಮೆ, ಎಲ್ಲ ದಿನವೂ ಇರುವುದಿಲ್ಲ. ಕಾರಿಲ್ಲದವರು ಕುಸಕಾಬೆಯಿಂದ ಟ್ಯಾಕ್ಸಿಗೆ ದುಡ್ಡು ತೆಗೆದಿಡಿ.

ಹೊತ್ತು ಉಳಿದರೆ ನಕಾಯಾಮಾ ಮೆಟ್ಟಿಲು ಗದ್ದೆಗಳು. ಬೆಟ್ಟದ ಬದಿಯಲ್ಲಿ ಸುಮಾರು 800 ಚಿಕ್ಕ ಗದ್ದೆಗಳಿವೆ. ಜುಲೈ ಮೊದಲ ದಿನಗಳಲ್ಲಿ ಊರವರು ಪಂಜು ಹಿಡಿದು ಗದ್ದೆ ಬದುವಿನ ಮೇಲೆ ನಡೆಯುತ್ತಾ ಕೀಟಗಳನ್ನು ಕಳುಹಿಸಿಕೊಡುವ ಆಚರಣೆ ಇದೆ. ಗದ್ದೆಯೊಳಗೆ ಮಾತ್ರ ಇಳಿಯಬೇಡಿ.

ಹಂತ 8: ಆಲಿವ್ ಎಣ್ಣೆ ಕೊಳ್ಳುವುದು

ಅಂಗಡಿಗೆ ಹೋದರೆ ಪಕ್ಕಪಕ್ಕದಲ್ಲೇ ಎರಡು ಬಾಟಲಿ ಇರುತ್ತವೆ. ಒಂದರ ಬೆಲೆ ಇನ್ನೊಂದರ ಮೂರು ನಾಲ್ಕು ಪಟ್ಟು. ಅಗ್ಗದ್ದು ಹೆಚ್ಚಾಗಿ ಸ್ಪೇನ್, ಇಟಲಿಯಿಂದ ತಂದ ಎಣ್ಣೆ, ದ್ವೀಪದ ಕಂಪನಿ ತನ್ನ ಹೆಸರಲ್ಲಿ ಮಾರುತ್ತದೆ. ಅದರಲ್ಲಿ ಮೋಸವೇನಿಲ್ಲ, ಲೇಬಲ್ ಮೇಲೆ ಬರೆದಿರುತ್ತಾರೆ. ನಮಗೆ ಓದಲು ಬರುವುದಿಲ್ಲ ಅಷ್ಟೇ. "ಶೋದೋಶಿಮಾ-ಸನ್ ದೆಸು ಕಾ?" ಎಂದು ಕೇಳಿ, ಅಂದರೆ ಶೋದೋಶಿಮಾದಲ್ಲೇ ಬೆಳೆದದ್ದಾ ಎಂದು. ಅವರು ಸರಿಯಾಗಿ ತೋರಿಸುತ್ತಾರೆ. ಇಲ್ಲಿಯ ಎಣ್ಣೆ ದುಬಾರಿ ಆಗುವುದಕ್ಕೆ ಕಾರಣವಿದೆ: ಕೈಯಲ್ಲಿ ಕೊಯ್ಲು, ಕಿತ್ತ ತಕ್ಷಣ ಗಾಣಕ್ಕೆ, 10 ಕೆಜಿ ಕಾಯಿಗೆ ಒಂದು ಲೀಟರ್ ಸಿಕ್ಕರೆ ಹೆಚ್ಚು. ಚಿಕ್ಕ ಬಾಟಲಿಯಾದರೂ ಇಲ್ಲಿಯದೇ ಕೊಳ್ಳಿ. ಒಗ್ಗರಣೆಗೆ ಬಳಸಿ ಹಾಳು ಮಾಡಬೇಡಿ, ಹಸಿಯಾಗಿ ಬ್ರೆಡ್ಡಿಗೋ ಕೋಸಂಬರಿಗೋ ಹಾಕಿ ತಿನ್ನಿ.

ಅಕ್ಟೋಬರ್ ಮಧ್ಯದಿಂದ ಶಿಂಜುಕೆ ಸಿಗುತ್ತದೆ. ಆ ವರ್ಷದ ಹಸಿರು ಕಾಯಿಯ ಕಹಿ ತೆಗೆದು ತೆಳು ಉಪ್ಪುನೀರಿನಲ್ಲಿ ಹಾಕಿದ್ದು. ನಮ್ಮ ಪಿಜ್ಜಾ ಮೇಲಿನ ಆಲಿವ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಅಷ್ಟು ತಾಜಾ. ಆದರೆ ಫ್ರಿಡ್ಜ್‌ನಲ್ಲೇ ಇಡಬೇಕು, ಊರಿಗೆ ತರುವ ಬದಲು ಅಲ್ಲೇ ತಿಂದು ಮುಗಿಸಿ.

ಸೋಯಾ ಸಾಸ್ ಕೊಳ್ಳುವ ಸಸ್ಯಾಹಾರಿಗಳು ಲೇಬಲ್‌ನಲ್ಲಿ ದಾಶಿ ಇದೆಯೇ ಎಂದು ಕೇಳಿ. ಮಾಮೂಲಿ ಸೋಯಾ ಸಾಸ್‌ನಲ್ಲಿ ಮೀನಿಲ್ಲ, ದಾಶಿ-ಶೋಯು ಎಂಬುದರಲ್ಲಿ ಇರುತ್ತದೆ. ಗೋಧಿ ಆಗದವರಿಗೆ ಮಾಮೂಲಿಯದೂ ಆಗುವುದಿಲ್ಲ.

ಎಣ್ಣೆ, ಸಾಸ್ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ್ದನ್ನು ಬಿಡುವುದಿಲ್ಲ. ಅಂಗಡಿಗಳಲ್ಲಿ ಮುದ್ದಾದ ಆಲಿವ್ ಸಸಿಗಳು ಕಂಡು ಆಸೆಯಾಗುತ್ತದೆ. ಅದನ್ನು ಭಾರತಕ್ಕೆ ತರಲು ಆಮದು ಪರವಾನಗಿ ಮತ್ತು ಗಿಡಕ್ಕೆ ರೋಗವಿಲ್ಲ ಎಂಬ ಸರ್ಕಾರಿ ಪ್ರಮಾಣಪತ್ರ ಎರಡೂ ಬೇಕು. ಇಲ್ಲದಿದ್ದರೆ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ.

ಹೊರಡುವ ಹಿಂದಿನ ದಿನ

ಹಡಗಿನ ವೇಳಾಪಟ್ಟಿಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಮತ್ತೊಮ್ಮೆ ನೋಡಿ. ಋತು ಬದಲಾದ ಹಾಗೆ ಹೊತ್ತು ಬದಲಾಗುತ್ತದೆ. ಸಾಕಷ್ಟು ಯೆನ್ ನಗದು ಇಟ್ಟುಕೊಳ್ಳಿ, ಚಿಕ್ಕ ಅಂಗಡಿಗಳಲ್ಲಿ ಕಾರ್ಡ್ ನಡೆಯದೇ ಇರಬಹುದು. ನಮ್ಮ ಕಾರ್ಡಿಗೆ ಹಣ ಕೊಡುವ ಎಟಿಎಂ ಬೇಕಾದರೆ ಸೆವೆನ್-ಇಲೆವೆನ್ ಎಂಬ ಕನ್ವೀನಿಯನ್ಸ್ ಸ್ಟೋರ್ ಅಥವಾ ಅಂಚೆ ಕಚೇರಿ ಹುಡುಕಿ. ದೊಡ್ಡ ಸೂಟ್‌ಕೇಸ್‌ಗಳನ್ನು ತಕಾಮತ್ಸು ನಿಲ್ದಾಣದ ಲಾಕರ್‌ನಲ್ಲಿ ಬಿಟ್ಟು ಒಂದು ಬೆನ್ನುಚೀಲದಲ್ಲಿ ಬನ್ನಿ. ಸಕಾತೆ ಅಥವಾ ಫುಕುದಾದಿಂದ ಮುಂದೆ ಹೋಗುವವರು ಮಾತ್ರ ಹಾಗೆ ಮಾಡಬೇಡಿ, ತಕ್ಕ್ಯೂಬಿನ್ ಎಂಬ ಲಗೇಜ್ ಕೊರಿಯರ್‌ಗೆ ಕೊಟ್ಟು ಮುಂದಿನ ಊರಿನ ಹೋಟೆಲಿಗೆ ಕಳುಹಿಸಿ. ಸಾಮಾನ್ಯವಾಗಿ ಮರುದಿನ ತಲುಪುತ್ತದೆ.